ಮಣ್ಣೂರಿನಲ್ಲಿ ಹಿಮಕ್ಕಾಗಿ ಕಾದದ್ದು

ಬೇಸಿಗೆಯಲ್ಲಿ ಅಂಗಳದ ಕಲ್ಲಿನ ಮೇಲೆ ಬರಿಗಾಲಿಡಲು ಆಗದಂಥ ಊರಿನಲ್ಲಿ ಕೂತು ನಾವು ಮೂವರು ಹಿಮ ಬೀಳಲಿ ಎಂದು ಆಸೆಪಟ್ಟಿದ್ದೆವು ಎಂದರೆ ಈಗಿನವರು ನಗುತ್ತಾರೆ. ನಗಲಿ. ಆಗ ಮಣ್ಣೂರಿನ ಮಂದಿಯೂ ನಕ್ಕಿದ್ದರು. ಮೂವರು ಎಂದರೆ ನಾನು, ನನ್ನ ಅತ್ತೆ, ಮತ್ತು ನಮ್ಮ ಮನೆಯ ಪಕ್ಕದ ಶಾಲೆಯಲ್ಲೇ ಇರುತ್ತಿದ್ದ ಮಾಸ್ತರರು.

ಅದು ದೊಡ್ಡ ಯುದ್ಧದ ಕಾಲ. ನನ್ನ ಗಂಡ ಸೊಲ್ಲಾಪುರಕ್ಕೆ ಹೋಗಿ ಫೌಜಿಗೆ ಭರ್ತಿಯಾಗಿ ಲಾರಿ ನಡೆಸುವ ಕೆಲಸ ಹಿಡಿದಿದ್ದರು. ಅವರು ಸುಖವಾಗಿ ಮರಳಿ ಬಂದರು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ; ಆಗ ನಮಗೆ ಅದು ಗೊತ್ತಿರಲಿಲ್ಲ, ಅಷ್ಟೇ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರಿಂದ ಮನೆಯಲ್ಲಿ ಅತ್ತೆ, ನಾನು ಇಬ್ಬರೇ. ನಮ್ಮ ಸೀಮೆಯಲ್ಲಿ ಶಾಲೆ ಎಂದರೆ ಉರ್ದು. ಗಂಡ ಉರ್ದುವಿನಲ್ಲಿ ಬರೆಯುತ್ತಿದ್ದರು, ಮಾಸ್ತರರು ಅದನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದರು. ಯಾವ ದೇಶದಲ್ಲಿದ್ದಾರೆ ಎಂಬುದನ್ನು ಮಾತ್ರ ಬರೆಯುವಂತಿರಲಿಲ್ಲ.

ಆ ವರ್ಷ ಸಂಕ್ರಾಂತಿ ಮುಗಿದ ಮೇಲೆ ಬಂದ ಕಾಗದದಲ್ಲಿ ಒಂದು ಮಾತಿತ್ತು. “ಇಲ್ಲಿ ಮುಗಿಲಿಂದ ಬರ್ಫ ಬೀಳ್ತದ. ಮೊಣಕಾಲ ಮಟ ನಿಂತದ. ಅದರಾಗೇ ತಿರುಗಾಡ್ತೀವಿ.”

ಬರ್ಫ ಎಂದರೇನು ಎಂದು ಅತ್ತೆ ಕೇಳಿದರು. ನೀರು ಗಟ್ಟಿಯಾದದ್ದು ಎಂದರು ಮಾಸ್ತರರು. ಅತ್ತೆಯ ಮುಖ ಕಪ್ಪಿಟ್ಟಿತು. ಮುಗಿಲಿನಿಂದ ಬೀಳುವ ಗಟ್ಟಿ ನೀರು ಎಂದರೆ ಅವರಿಗೆ ಗೊತ್ತಿದ್ದದ್ದು ಒಂದೇ, ಆಣೆಕಲ್ಲು. ಹುಡುಗಿಯಾಗಿದ್ದಾಗ ಹೊಲದಲ್ಲಿ ಅದಕ್ಕೆ ಸಿಕ್ಕಿ ಹಣೆ ಒಡೆದುಕೊಂಡಿದ್ದರು. ಅದೇ ದಿನ ಅವರ ತವರಿನ ಎರಡು ಕುರಿಮರಿ ಸತ್ತಿದ್ದವು. ಒಂದು ಗಳಿಗೆ ಬಿದ್ದರೇ ಹೀಗೆ. ಮೊಣಕಾಲುದ್ದ ನಿಲ್ಲಬೇಕಾದರೆ ಮಗನ ತಲೆಯ ಮೇಲೆ ಎಷ್ಟು ದಿನ ಬಿದ್ದಿರಬೇಕು?

“ಅಂಥಲ್ಲಿ ನನ್ನ ಕೂಸು ಹ್ಯಾಂಗ ನಿಂತಾನ್ರಿ, ಮಾಸ್ತರ್ರ?”

“ಹಂಗಲ್ಲವ್ವಾ, ಅದು ಮೆತ್ತಗಿರ್ತದ. ಹತ್ತಿ ಹಿಂಜಿ ಹಾರಿಸಿದಂಗ ಬೀಳ್ತದ.”

“ನೀವು ನೋಡೀರೇನು?”

ಮಾಸ್ತರರಿಗೆ ಸುಳ್ಳು ಹೇಳಿ ರೂಢಿಯಿಲ್ಲ. “ಇಲ್ರಿ, ಪುಸ್ತಕದಾಗ ಓದೇನಿ,” ಅಂದರು. ಅಲ್ಲಿಗೆ ಅವರ ಮಾತಿನ ಬೆಲೆ ಹೋಯಿತು. ನನಗೆ ಮಾಸ್ತರರ ಮೇಲೆ ಸಿಟ್ಟು, ಗಂಡನ ಮೇಲೆ ಅದಕ್ಕಿಂತ ಹೆಚ್ಚು. ಮೊಣಕಾಲುದ್ದ ಎಂದು ಬರೆದವರಿಗೆ ಮೆತ್ತಗಿದೆ ಎಂದು ಬರೆಯಲು ಮಸಿ ಸಾಲಲಿಲ್ಲವೇ? ಇನ್ನು ಬರೆದರೂ ಉಪಯೋಗವಿರಲಿಲ್ಲ. ತಾಯಿಗೆ ಕಷ್ಟ ಹೇಳಬಾರದೆಂದು ಮುಚ್ಚಿಡುತ್ತಾನೆ ಎನ್ನುತ್ತಿದ್ದರು ಅತ್ತೆ.

ಅಂದಿನಿಂದ ಅವರು ಹೊತ್ತಿಗೆ ಒಂದೇ ರೊಟ್ಟಿಗೆ ಇಳಿದರು. ಓಣಿಯಲ್ಲೇ ದೊಡ್ಡ ಬಾಯಿಯ ಹೆಂಗಸು, ನನ್ನನ್ನು ಬೈಯುವುದನ್ನೂ ಬಿಟ್ಟರು. ಮೊದಲ ವಾರ ನನಗೆ ಹಾಯೆನಿಸಿದ್ದು ನಿಜ. ಆಮೇಲೆ ಆ ಮೌನ ತಡೆಯಲಾಗಲಿಲ್ಲ. ಹೋಳಿಹುಣ್ಣಿಮೆ ಹೊತ್ತಿಗೆ ಅತ್ತೆಯ ಕುಪ್ಪಸ ತೋಳಿನಲ್ಲಿ ಜೋಲುತ್ತಿತ್ತು. ಹೀಗೇ ಆದರೆ ಮಗ ಬರುವ ತನಕ ಈ ಜೀವ ಉಳಿಯುವುದಿಲ್ಲ ಎಂದು ನನಗೆ ದಿಗಿಲು ಹತ್ತಿತು.

ಮಾಸ್ತರರಿಗೆ ಮಳೆಯ ಹುಚ್ಚಿತ್ತು. ಶಾಲೆಯ ಮಾಳಿಗೆಯ ಮೇಲೆ ಒಂದು ಡಬ್ಬಿ ಇಟ್ಟು, ಬಿದ್ದ ನೀರನ್ನು ಗೀರು ಹಾಕಿದ ಕಡ್ಡಿಯಿಂದ ಅಳೆದು, ಗಾಳಿ ಯಾವ ಕಡೆಯದು, ಮೋಡದ ಬಣ್ಣ ಯಾವುದು ಎಂದು ವಹಿಯಲ್ಲಿ ಬರೆಯುತ್ತಿದ್ದರು. ಅವರು ಮಳೆ ಬರುತ್ತದೆ ಎಂದ ದಿನ ಓಣಿಯ ಹೆಂಗಸರು ಬೇಕೆಂದೇ ಮೆಣಸಿನಕಾಯಿ ಒಣಹಾಕುತ್ತಿದ್ದರು. ಸಾಯುವ ಮೊದಲು ಒಮ್ಮೆ ಹಿಮ ನೋಡಬೇಕು ಎಂಬುದು ಅವರ ಬಹಳ ದಿನದ ಆಸೆ. ನಾನು ಹೋಗಿ ಅತ್ತೆಯ ಸ್ಥಿತಿ ಹೇಳಿಕೊಂಡಾಗ ತುಸು ಯೋಚಿಸಿ, “ಮ್ಯಾಲ ಮುಗಿಲಿನಾಗ ಭಾಳ ಥಂಡಿ ಇರ್ತದವ್ವಾ. ಒಂದೊಂದು ಸಲ ಸಾಬುದಾಣಿಯಂಥಾ ಮೆತ್ತನ್ನ ಕಾಳು ಬೀಳ್ತಾವಂತ. ಯಾರಿಗ್ಗೊತ್ತು, ನಮ್ಮ ಕಡೀನೂ ಬಿದ್ದಾವು,” ಅಂದರು. ಅದನ್ನೇ ಅತ್ತೆಗೆ ಹೇಳಿದೆ. “ಬೀಳಲಿ, ಮುಟ್ಟಿ ನೋಡಿದ ಮ್ಯಾಲೆ ನಂಬ್ತೇನಿ,” ಎಂದರು.

ಹಾಗೆ ಶುರುವಾಯಿತು ನಮ್ಮ ಕಾಯುವಿಕೆ. ಯುಗಾದಿಯ ಆಚೀಚೆ ಮಧ್ಯಾಹ್ನ ಗಾಳಿ ನಿಂತು ಮೈ ಬೆವರತೊಡಗಿದರೆ ಸಾಕು, ಮಾಸ್ತರರು ಶಾಲೆಯ ಮಾಳಿಗೆಯ ಮೇಲೆ, ನಾವಿಬ್ಬರು ನಮ್ಮ ಮಾಳಿಗೆಯ ಮೇಲೆ. ಭೀಮೆಯ ಆಚೆ ದಂಡೆಯಿಂದ ಮೋಡ ಏಳುವುದನ್ನು ನೋಡುತ್ತ ನಿಲ್ಲುತ್ತಿದ್ದೆವು. ಮೂರು ಸಲ ಬರೀ ಧೂಳು ತಿಂದೆವು. ಒಮ್ಮೆ ಮಾಸ್ತರರು ಒಂದು ಮೋಡದ ಬೆನ್ನು ಹತ್ತಿ ಕೊಡೆ ಹಿಡಿದು ಹೊಳೆದಂಡೆಯುದ್ದ ಓಡಿದರು. ಮೋಡ ಅಫಜಲಪುರದ ಕಡೆ ಹೋಯಿತು, ಇವರು ಮುರಿದ ಕೊಡೆಯೊಂದಿಗೆ ಮರಳಿದರು. ವಿಚಿತ್ರವೆಂದರೆ ಅತ್ತೆ ಮಾಸ್ತರರಿಗಿಂತ ಚುರುಕಾಗಿಬಿಟ್ಟರು. “ಇದು ಸಪ್ಪಗದ, ಬರೇ ಗುಡುಗ್ತದ,” ಎಂದರೆ ಬರೀ ಗುಡುಗಿಯೇ ಹೋಗುತ್ತಿತ್ತು. ಮೋಡ ನೋಡುವ ಹೊತ್ತಿನಲ್ಲಾದರೂ ಅವರ ಕಣ್ಣಿನಲ್ಲಿ ಜೀವ ಕಾಣುತ್ತಿತ್ತು, ನನಗೆ ಅಷ್ಟೇ ಬೇಕಾಗಿತ್ತು.

ಒಂದು ಇಳಿಹೊತ್ತು ಅತ್ತೆ ರೊಟ್ಟಿ ಸುಡುತ್ತಿದ್ದರು, ನಾನು ಹಿಟ್ಟು ನಾದುತ್ತಿದ್ದೆ. ಕಣದ ಕೆಲಸವೆಲ್ಲ ಮುಗಿದು ಜೋಳ ಮನೆ ಸೇರಿತ್ತು. ಹೊರಗೆ ಒಮ್ಮೆಲೇ ಕತ್ತಲಾಯಿತು. ಮಾಸ್ತರರು ಮಾಳಿಗೆಯಿಂದ ಕೂಗಿದ್ದೂ, ತಗಡಿನ ಮೇಲೆ ಪಟಪಟ ಸದ್ದಾದದ್ದೂ ಒಟ್ಟಿಗೇ. ಬಾಗಿಲಿಗೆ ಬಂದು ನೋಡಿದರೆ ಹಿಮವಲ್ಲ, ಮೆತ್ತನೆಯ ಕಾಳೂ ಅಲ್ಲ. ಆಣೆಕಲ್ಲೇ. ಜೋಳದ ಕಾಳಿನಷ್ಟು, ನಡುನಡುವೆ ಕಡಲೆಯಷ್ಟು.

ನಮ್ಮಲ್ಲಿ ಆಣೆಕಲ್ಲು ಬಿದ್ದರೆ ರೊಟ್ಟಿ ಸುಡುವ ಕಬ್ಬಿಣದ ಹಂಚನ್ನು ಅಂಗಳಕ್ಕೆ ಬೋರಲಾಗಿ ಎಸೆಯುತ್ತಾರೆ. ಹಂಚು ಬಿದ್ದರೆ ಆಣೆಕಲ್ಲು ನಿಲ್ಲುತ್ತದೆ ಎಂದು ನಂಬಿಕೆ. ಓಣಿಯಲ್ಲಿ ಆಗಲೇ ಹಂಚುಗಳು ಠಣ್ ಠಣ್ ಎಂದು ಬೀಳತೊಡಗಿದ್ದವು. ಅತ್ತೆಯೂ ರೂಢಿಯಂತೆ ಒಲೆಯ ಮೇಲಿನ ಹಂಚನ್ನು ಅರಿವೆಯಲ್ಲಿ ಹಿಡಿದು ಹೊಸ್ತಿಲಿಗೆ ಓಡಿ ಬಂದು, ಎಸೆಯಲು ಕೈ ಎತ್ತಿದರು. ಎತ್ತಿದ ಕೈ ಹಾಗೇ ನಿಂತಿತು.

“ಅವನಿಗೆ ಅಲ್ಲಿ ಯಾರು ಹಂಚು ಒಗೀತಾರ?” ಎಂದರು.

ಹಂಚನ್ನು ಅರಿವೆ ಸಮೇತ ನನ್ನ ಕೈಗೆ ತುರುಕಿ, ಅಂಗಳಕ್ಕಿಳಿದು, ನಟ್ಟನಡುವೆ ನಿಂತು, ತಲೆಯ ಮೇಲಿನ ಸೆರಗು ತೆಗೆದರು. ಪರಗಂಡಸರ ಮುಂದೆ ಎಂದೂ ಸೆರಗು ಜಾರಗೊಡದವರು, ಮಾಸ್ತರರು ಮೇಲಿನಿಂದ ನೋಡುತ್ತಿದ್ದರೂ ಲೆಕ್ಕಿಸಲಿಲ್ಲ. “ಅತ್ತೀ, ಒಳಗ ಬರ್ರಿ!” ಎಂದು ಚೀರಿದೆ. “ಸುಮ್ಮನಿರು ಬೇ,” ಎಂದರು. ಕಣ್ಣು ಮುಚ್ಚಿಕೊಂಡಿದ್ದರು. ನನಗೆ ತಡೆಯಲಾಗದೆ ಹಂಚನ್ನು ಅಲ್ಲೇ ಇಟ್ಟು ಹೋಗಿ ಅವರ ಪಕ್ಕದಲ್ಲಿ ನಿಂತೆ. ಚುರುಚುರು ಎಂದು ಬಡಿಯುತ್ತಿತ್ತು. ನಾನಂತೂ ಅತ್ತುಬಿಟ್ಟೆ, ಅವರೂ ಅತ್ತರು ಎಂದು ಕಾಣುತ್ತದೆ. ಮಳೆ ಸೇರಿಕೊಂಡಿದ್ದರಿಂದ ಖಾತ್ರಿಯಾಗಿ ಹೇಳಲಾರೆ.

ಆಣೆಕಲ್ಲು ನಿಂತ ಮೇಲೆ ಅತ್ತೆ ಬಗ್ಗಿ ಒಂದು ಹಿಡಿ ಕಲ್ಲು ಬಾಚಿಕೊಂಡರು. ಮಾಸ್ತರರು ಇಳಿದು ಓಡಿ ಬಂದು ಏದುಸಿರು ಬಿಡುತ್ತಲೇ, “ಅವ್ವಾ, ಇದು ಬರ್ಫ ಅಲ್ರಿ! ಬರ್ಫ ಇದಕ್ಕಿಂತ ಭಾಳ ಮೆತ್ತಗ!” ಅಂದರು.

“ಇದಕ್ಕಿಂತ ಮೆತ್ತಗೇನ್ರಿ?” ಅತ್ತೆ ಅಂಗೈ ನೋಡಿಕೊಂಡರು. “ಇದನ್ನ ಈ ಮುದುಕಿ ತಡಕೊಂಡಾಳ. ಅವ ಅಂತೂ ಗಟ್ಟಿ ಅದಾನ. ಬರೀರಿ ಮಾಸ್ತರ್ರ, ನಿಮ್ಮವ್ವ ನಿಂತು ನೋಡ್ಯಾಳ, ತಡಕೋಬಹುದು, ಹೆದರಬ್ಯಾಡ ಅಂತ ಬರೀರಿ.”

ಹೆದರಿದ್ದವರು ಯಾರು ಎಂದು ನಾವಿಬ್ಬರೂ ಕೇಳಲಿಲ್ಲ. ಆ ದಿನ ಅವರು ಮೂರು ರೊಟ್ಟಿ ತಿಂದರು. ನಾಲ್ಕನೆಯದು ಸೀದದ್ದಕ್ಕೆ ನನಗೆ ಬೈದರು.

ಮುಂದಿನ ಚಳಿಗಾಲದಲ್ಲಿ ಗಂಡನ ಕಾಗದ ಬಂತು. “ಯವ್ವಾ, ಈ ವರ್ಷದ ಮೊದಲ ಬರ್ಫ ಬಿತ್ತು. ನೀ ನಿಂತಿದ್ದು ನೆನಪಾತು. ನಾನೂ ಟೊಪಗಿ ತಗದು ಅದರಾಗ ಬರಿದಲೀಲೆ ನಿಂತೆ,” ಎಂದು ಮಾಸ್ತರರು ಓದಿದರು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ.

ಅತ್ತೆ ಮಾತ್ರ ಧಡಕ್ಕನೆ ಎದ್ದು ನಿಂತು, ಓಣಿಗೆಲ್ಲ ಕೇಳುವಂತೆ ಕೂಗಿದರು. “ಹುಚ್ಚ ಹಿಡಿದದೇನು ಅವನಿಗೆ! ಅಂಥ ಥಂಡ್ಯಾಗ ಟೊಪಗಿ ತಗೀತಾರೇನು? ಹಾಕ್ಕೋ ಅಂತ ಬರೀರಿ ಮಾಸ್ತರ್ರ. ಈಗಿಂದೀಗ ಬರೀರಿ!”