ಪ್ರೆಸ್ಸಿನಡಿಯ ಬದನೆಕಾಯಿ

ನಮ್ಮ ಮೇಡಂ ಅವರ ಎಡಗೈ ತೋರುಬೆರಳಿನ ತುದಿಯಲ್ಲಿ ಓರೆಯಾದ ಗಾಯದ ಗೆರೆಯೊಂದಿತ್ತು. ಉಯ್ಯಂಬಳ್ಳಿಯ ಮನೆಯಲ್ಲಿ ರೇಷ್ಮೆಹುಳುವಿಗೆ ಸೊಪ್ಪು ಹೆಚ್ಚುವಾಗ ಆದದ್ದು. ಕೀಬೋರ್ಡ್ ಕುಟ್ಟುವಾಗ ಆ ಬೆರಳನ್ನು ಸ್ವಲ್ಪ ಎತ್ತಿಕೊಂಡೇ ಇರುತ್ತಿದ್ದರು.

ಕನಕಪುರ ರಸ್ತೆಯ ಹೊಸ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ಸುಗಳಿಗೆ ಪ್ರೋಗ್ರಾಂ ಬರೆಯುವುದು ನಮ್ಮ ಕೆಲಸ. ಅವರು ಹಿರಿಯರು, ನಾನು ಅವರ ಕೈಕೆಳಗಿನವಳು. ಪ್ರೆಸ್ಸಿಗೆ ತಗಡು ಕೊಡುತ್ತಿದ್ದವನು ನನ್ನ ಸ್ವಂತ ತಮ್ಮ. ಪ್ರೋಗ್ರಾಮಿನ ಒಂದಕ್ಷರ ಬದಲಾದರೂ ಸರಿ, ಮೇಡಂ ಮೊದಲು ಪ್ರೆಸ್ಸಿನಡಿ ಹಿತ್ತಲಿನಿಂದ ತಂದ ಬದನೆಕಾಯಿ ಇಡಿಸುತ್ತಿದ್ದರು. ಸೆನ್ಸರ್ ಅದನ್ನು ಕಂಡು ಪ್ರೆಸ್ ತಡೆದರೆ ಮಾತ್ರ ಮನುಷ್ಯರ ಕೈಗೆ ಅಪ್ಪಣೆ. ಮ್ಯಾನೇಜರ್ ಅವರನ್ನು ತರಕಾರಿ ಮೇಡಂ ಎಂದು ಆಡಿಕೊಳ್ಳುತ್ತಿದ್ದ. ಅವನ ತಲೆ!

ಈ ಪ್ರೋಗ್ರಾಮುಗಳನ್ನೆಲ್ಲ ತುಂಬಿಟ್ಟಿದ್ದ ಪ್ರಾಜೆಕ್ಟ್ ಬೆಳೆದು ಬೆಟ್ಟವಾಗಿತ್ತು. ಒಂದು ಪ್ರೋಗ್ರಾಮಿನೊಳಗೆ ಇನ್ನೊಂದನ್ನು ಕರೆಯಲು ಅದರ ಹೆಸರು ಬರೆಯಬೇಕು; ಆ ಹೆಸರಿನ ಮೊದಲೆರಡು ಅಕ್ಷರ ಒತ್ತಿದರೆ ಹೊಂದುವ ಹೆಸರುಗಳನ್ನೆಲ್ಲ ಕಂಪ್ಯೂಟರೇ ಪಟ್ಟಿ ಹಾಕಿ ತೋರಿಸಬೇಕು. ನಮ್ಮದು ಉಸಿರು ಹಿಡಿದು ಕೂತುಬಿಡುತ್ತಿತ್ತು. ಅವತ್ತು ಲಾರಿ ಗೇಟಿನಲ್ಲಿ ಕಾಯುತ್ತಿತ್ತು, ಮ್ಯಾನೇಜರ್ ಬೆನ್ನ ಹಿಂದೆಯೇ ನಿಂತಿದ್ದ. ಮೇಡಂ ಎಂಟರ್ ಒತ್ತುವುದಕ್ಕೂ ಪಟ್ಟಿ ತಡವಾಗಿ ಮೂಡುವುದಕ್ಕೂ ಸರಿಹೋಯಿತು. ಅವರು ಬರೆದ ಹೆಸರಿನ ಜಾಗದಲ್ಲಿ ಪಟ್ಟಿಯ ಬೇರೊಂದು ಹೆಸರು ಬಂದು ಕೂತದ್ದನ್ನು ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ತಮ್ಮ ಬದನೆಕಾಯಿ ಇಟ್ಟು ಹಿಂದೆ ಸರಿದ. ಪ್ರೆಸ್ ನಿಲ್ಲಲಿಲ್ಲ. ಬೀಜ ಅವನ ಮುಖಕ್ಕೆ ಸಿಡಿಯಿತು. ಪರದೆಗೆ ಹಿಂತಿರುಗಿ ನೋಡಿದರೆ ಒಂದು ಸಾಲಿನಲ್ಲಿ ಬೇರೆಯೇ ಹೆಸರು ಕೂತಿತ್ತು.

ಆ ಒಂದು ಸಾಲು ಸರಿಮಾಡಿ ಶುರುಮಾಡಿ ಎಂದ ಮ್ಯಾನೇಜರ್. ಸಿಟ್ಟು ಬಂದರೆ ಮೇಡಂ ಮಾತು ಊರಿನದಾಗುತ್ತಿತ್ತು.

"ತಪ್ಪು ನಂದೇ ಸಾರ್. ಆದ್ರೆ ಈ ಪಟ್ಟಿ ಯಾಕ್ ತಡ ಆಯ್ತದೆ ಅಂತ ಗೊತ್ತಾಗೋಗಂಟ ಯಾರ ಕೈನೂ ಅದ್ರೊಳಕ್ಕೆ ಹೋಗಾಕಿಲ್ಲ."

ಹಾಗೆಂದವರೇ ಪ್ರೆಸ್ಸಿನ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕೆಲಸ ಕಳೆದುಕೊಳ್ಳುತ್ತೀರಿ ಎಂದು ಅವನು ಗದರಿದ. ಕಿವಿಗೆ ಹಾಕಿಕೊಳ್ಳದೆ ಒಂದೊಂದೇ ಫೋಲ್ಡರನ್ನು ಪ್ರಾಜೆಕ್ಟಿನಿಂದ ಹೊರಗಿಟ್ಟು, ಮತ್ತೆ ಎರಡಕ್ಷರ ಒತ್ತಿ ನೋಡುತ್ತಾ ಹೋದರು. ಅವರ ಕತ್ತಿನಿಂದ ಬೆವರಿಳಿಯುತ್ತಿತ್ತು. ಒಂದು ಫೋಲ್ಡರ್ ತೆಗೆದೊಡನೆ ಪಟ್ಟಿ ತಟ್ಟನೆ ಬಂತು. ಪ್ರೋಗ್ರಾಂ ಬದಲಿಸುವಾಗಲೆಲ್ಲ, ಹಳೆಯದೂ ಇರಲಿ ಎಂದು ನಾವು ಒಂದೊಂದು ನಕಲು ಮಾಡಿ ತುಂಬಿದ್ದ ಫೋಲ್ಡರ್ ಅದು. ಸೆನ್ಸರ್ ಇಲ್ಲದ ಕಾಲದ ಪ್ರೋಗ್ರಾಮೂ ಅಲ್ಲೇ ಇತ್ತು. ಬಂದು ಕೂತ ಹೆಸರು ಅದರದೇ.

"ಅಟ್ಟದಲ್ಲಿಡೋದ್ನ ನಡುಮನೇಲಿ ಇಟ್ಕೊಂಡಿದ್ದೀವಿ ಕಣಮ್ಮಿ. ಒಂದ್ ಹೆಸರು ಕೇಳುದ್ರೆ ಇದು ಪಾಪ, ಎಲ್ಲಾನೂ ತಡಕ್ತದೆ."

ಆ ಫೋಲ್ಡರನ್ನು ಹೊರಗೇ ಇಟ್ಟು ಸಾಲು ಸರಿಮಾಡಿದ ಮೇಲೆ ಪ್ರೆಸ್ ತಡೆದು ನಿಂತಿತು, ಎರಡನೆಯ ಬದನೆಕಾಯಿ ಉಳಿಯಿತು. ನನ್ನ ತಮ್ಮ ಅದನ್ನು ಮನೆಗೆ ತಂದ, ಅವ್ವ ಸಾರು ಮಾಡಿದಳು.

ಮೇಡಂ ಹೋದ ವರ್ಷ ತೀರಿಕೊಂಡರು. ಉಯ್ಯಂಬಳ್ಳಿಯ ಅವರ ಹೊಲದಲ್ಲಿ ಎಲ್ಲರೂ ಹಿಡಿ ಮಣ್ಣು ಹಾಕಿ ಸರಿದರು. ನನ್ನ ತಮ್ಮ ಮಾತ್ರ ಸರಿಯಲಿಲ್ಲ. ಎರಡೂ ಕೈಯಲ್ಲಿ ಬಾಚಿ ಬಾಚಿ ಮಣ್ಣು ಹಾಕುತ್ತಲೇ ಇದ್ದ.