ಸಿಲೋನಿನ ಬೊಟ್ಟು

ಆಯುಧಪೂಜೆ ಕಳೆದ ಮೇಲೆ ನನ್ನ ಮನೆಗೆ ಬರುವ ರೇಡಿಯೋಗಳಲ್ಲಿ ಹೆಚ್ಚಿನವು ಪೂಜೆಯಿಂದಲೇ ಕೆಟ್ಟವು. ಒಂದರ ಸ್ಪೀಕರ್ ಬಟ್ಟೆಯ ಮೇಲೆ ವಿಭೂತಿ ಪಟ್ಟೆ ಎಳೆದಿರುತ್ತಾರೆ. ಇನ್ನೊಂದರೊಳಗೆ ತೆಂಗಿನಕಾಯಿ ನೀರು ಇಳಿದು ತುಕ್ಕು ಹಿಡಿದಿರುತ್ತದೆ. ಮೊದಮೊದಲು ಬಯ್ಯುತ್ತಿದ್ದೆ. ಈಗ ಅಷ್ಟು ಶಕ್ತಿ ಖರ್ಚು ಮಾಡಲು ಮನಸ್ಸಾಗುವುದಿಲ್ಲ.

ಮೈಸೂರಿನ ಒಂದು ಪತ್ರಿಕೆಯ ಸುದ್ದಿ ಡೆಸ್ಕಿನಲ್ಲಿ ಇದ್ದವನು ನಾನು. ನಿವೃತ್ತಿಯ ನಂತರ ನಂಜನಗೂಡಿನ ಮನೆಯ ಹಿಂದಿನ ಕೋಣೆಯಲ್ಲಿ ಹಳೆಯ ವಾಲ್ವ್ ರೇಡಿಯೋಗಳನ್ನು ಬಿಚ್ಚಿಕೊಂಡು ಕೂತೆ. ಒಳಗಿನ ವಾಲ್ವುಗಳೆಂಬ ಗಾಜಿನ ಬುರುಡೆಗಳು ಬಿಸಿಯಾಗುವ ತನಕ ಈ ಸೆಟ್ಟುಗಳು ತುಟಿ ಬಿಚ್ಚುವುದಿಲ್ಲ. ಆ ತಾಳ್ಮೆ ನನಗೆ ಹಿಡಿಸಿತ್ತು. ಹವ್ಯಾಸವೆಂದು ಶುರುವಾದದ್ದು ಈಗ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ತುಂಬಿದೆ. ಸೊಂಟ ನೋಯುತ್ತದೆ, ಕಣ್ಣು ಮಂಜಾಗಿದೆ, ಬಿಡಿಭಾಗಗಳು ಸಿಗುವುದಿಲ್ಲ. ಇನ್ನು ಯಾವುದನ್ನೂ ತೆಗೆದುಕೊಳ್ಳುವುದಿಲ್ಲ ಎಂದು ಪ್ರತಿ ಸಲವೂ ಹೇಳಿಕೊಳ್ಳುತ್ತೇನೆ.

ಹಾಗೆ ಹೇಳಿಕೊಂಡ ವಾರದಲ್ಲೇ ಮೂಗೂರಿನಿಂದ ಒಬ್ಬ ಹೆಣ್ಣುಮಗಳು ಬಂದಳು. ದೊಡ್ಡ ಮರದ ಪೆಟ್ಟಿಗೆಯ ಸೆಟ್ಟನ್ನು ದುಪ್ಪಟಿಯಲ್ಲಿ ಸುತ್ತಿ, ಅದರ ಮುಖದ ಗಾಜನ್ನು ಬೇರೆಯಾಗಿ ಟವಲಿನಲ್ಲಿ ಕಟ್ಟಿ ತಂದಿದ್ದಳು.

"ತೊಳ್ದೆ ಸಾ," ಎಂದಳು, ನಾನು ಕೇಳುವ ಮೊದಲೇ.

"ರೇಡಿಯೋವನ್ನಾ?"

"ಗಾಜು ಸಾ, ಬರೀ ಗಾಜು. ಆಯುಧಪೂಜೆ ಅಂತ ಬೈಕು, ಕುಡ್ಲು, ಗ್ಯಾಸ್ ಒಲೆ ಎಲ್ಲ ತೊಳೀತಿದ್ದೆ. ಇದರ ಮೇಲೂ ಹಳೇ ಕುಂಕುಮ ಅಂಟ್ಕಂಡಿತ್ತು. ನಮ್ಮನೆಯವ್ರು ಹಿಂದ್ಗಡೆಯಿಂದ ಗಾಜು ಕಿತ್ಕೊಟ್ರು. ಪಾತ್ರೆ ಪುಡಿ ಹಾಕಿ ಉಜ್ಜುದ್ರೆ ಅಕ್ಷರಾನೂ ಬಂದ್ಬುಡ್ತು. ಅವತ್ತಿಂದ ಮಾತೂ ಆಡಲ್ಲ."

"ರೇಡಿಯೋ ಮಾತಾಡಲ್ಲವಾ?"

"ರೇಡಿಯೋನೂ ಆಡಲ್ಲ, ನಮ್ಮತ್ತೇನೂ ಆಡಲ್ಲ ಸಾ."

ಸೆಟ್ಟು ಅವಳ ಮಾವನದು. ಅವರು ತೀರಿಕೊಂಡ ಮೇಲೆ ಅತ್ತೆಯೇ ಬೆಳಿಗ್ಗೆ ಸಂಜೆ ಹಾಕಿಕೊಂಡು ಕೇಳುತ್ತಿದ್ದರಂತೆ. ಗಾಜು ತೊಳೆದ ದಿನ ಅವರು ಕೂಗಾಡಲಿಲ್ಲ, ಅಳಲಿಲ್ಲ. ಸೊಸೆಯನ್ನು ಕರೆಯುವುದನ್ನು ಬಿಟ್ಟರು, ಅಷ್ಟೇ. ಉಪ್ಪು ಬೇಕಾದರೆ ಗೋಡೆಗೆ ಹೇಳುತ್ತಾರೆ, ಮಗನಿಗೆ ಹೇಳುತ್ತಾರೆ, ಕರುವಿಗೆ ಹೇಳುತ್ತಾರೆ.

"ಬೈದಿದ್ರೆ ಬೈಸ್ಕಬೋದು ಸಾ. ಇದು ಆಗಲ್ಲ. ನನ್ನ ತಾಯಿಗಿಂತ ಎಚ್ಚಾಗಿ ನೋಡ್ಕಂಡಿದ್ರು. ಎಂಗಾರಾ ಮಾಡಿ ಮೊದ್ಲು ಎಂಗಿತ್ತೋ ಅಂಗೇ ಮಾಡ್ಕೊಡಿ."

ಮೊದಲು ಹೇಗಿತ್ತೋ ಹಾಗೇ. ಎಲ್ಲರೂ ಕೇಳುವುದು ಅದನ್ನೇ. ಸ್ಟೇಷನ್ನುಗಳ ಹೆಸರನ್ನು ಗಾಜಿನ ಹಿಂಬದಿಗೆ ಅಚ್ಚು ಹಾಕಿರುತ್ತಾರೆ. ಒದ್ದೆ ಬಟ್ಟೆ ಸೋಕಿದರೂ ಅದು ಏಳುತ್ತದೆ. ಇವಳು ಪಾತ್ರೆ ಪುಡಿ ಹಾಕಿದ್ದಳು. ಗಾಜು ಕಿಟಕಿಯ ಗಾಜಿನಷ್ಟು ಶುಭ್ರವಾಗಿತ್ತು. ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಅವಳು ದುಪ್ಪಟಿಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಆಗಲೇ ಬಾಗಿಲ ಹತ್ತಿರ ಹೋಗಿದ್ದಳು. ಸೆಟ್ಟು ಮೇಜಿನ ಮೇಲೆ ಉಳಿಯಿತು.

ಒಳಗೆ ಅಂಥ ದೊಡ್ಡ ಅನಾಹುತವಾಗಿರಲಿಲ್ಲ. ಗಾಜು ಕೀಳುವಾಗ, ಗುಂಡಿ ತಿರುಗಿಸಿದರೆ ಸ್ಟೇಷನ್ ತೋರಿಸುವ ಮುಳ್ಳನ್ನು ಎಳೆಯುವ ದಾರ ತುಂಡಾಗಿತ್ತು. ಒಂದು ವಾಲ್ವ್ ಸತ್ತಿತ್ತು. ವಿದ್ಯುತ್ ಹಿಡಿದಿಡುವ ಕಾಗದದ ಕಂಡೆನ್ಸರುಗಳ ಮೇಣ ಕರಗಿ ಹರಿದಿತ್ತು; ಅದು ವಯಸ್ಸಿನ ಕಾಯಿಲೆ, ಸೊಸೆಯ ತಪ್ಪಲ್ಲ. ಹಳೆಯ ಕಂಡೆನ್ಸರಿನ ರಟ್ಟಿನ ಕೊಳವೆಯನ್ನು ಬಿಸಿ ಮಾಡಿ, ಒಳಗಿನದನ್ನು ಹೊರಗೆಳೆದು, ಆ ಜಾಗಕ್ಕೆ ಹೊಸದನ್ನು ತೂರಿಸಿ ಮತ್ತೆ ಮೇಣ ಹಾಕಿದೆ. ಹೊರಗಿನಿಂದ ನೋಡಿದರೆ ಹಳೆಯದೇ. ಇದು ಮೋಸವಲ್ಲವೇ ಎಂದು ಕೆಲವರು ಕೇಳುತ್ತಾರೆ. ಯಾವುದು ಹಳೆಯದು, ಯಾವುದು ಬದಲಿ ಎಂದು ಸೆಟ್ಟಿನವರಿಗೆ ಬಾಯಿ ಬಿಟ್ಟು ಹೇಳಿದರೆ ಮೋಸವಲ್ಲ. ಡೆಸ್ಕಿನಲ್ಲಿ ಕಲಿತ ನಿಯಮ ಅದು: ನಾವು ಸೇರಿಸಿದ್ದನ್ನು ಬೇರೆಯವರು ಹೇಳಿದ್ದೆಂದು ಬರೆಯಬಾರದು.

ಗಾಜಿಗಾಗಿ ಟಿ. ನರಸೀಪುರಕ್ಕೆ ಹೋದೆ. ಬಸ್ ನಿಲ್ದಾಣದ ಹಿಂದೆ ನನಗೆ ಪರಿಚಯದ ಒಬ್ಬ ಮೆಕ್ಯಾನಿಕ್ ಇದ್ದಾನೆ. ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದ, ಈಗ ಮಿಕ್ಸಿ ಮತ್ತು ಪಂಪ್‌ಸೆಟ್ ಸ್ಟಾರ್ಟರ್. ಅವನ ಅಟ್ಟದ ಮೇಲೆ ಯಾರೂ ವಾಪಸ್ ಕೇಳದ ಸೆಟ್ಟುಗಳ ರಾಶಿ ಇದೆ.

"ಏನ್ ಸಾ, ಇನ್ನೂ ಸತ್ತೋರ್ನೇ ಎಬ್ಬುಸ್ತಾ ಇದೀರಾ?" ಎಂದ. ವಿಷಯ ಹೇಳಿದೆ. "ಕಿಟ್ ಹಾಕ್ಬುಡಿ ಸಾ. ಒಳಗಿರೋದೆಲ್ಲ ಕಿತ್ತೆಸ್ದು ಒಂದು ಚೀನಾ ಕಿಟ್ ಕೂರ್ಸುದ್ರೆ ಪೆನ್‌ಡ್ರೈವೂ ಓಡ್ತದೆ, ಫೋನಿನ ಹಾಡೂ ಬತ್ತದೆ. ಆವಮ್ಮಂಗೇನು ಗೊತ್ತಾದದು?"

"ಗೊತ್ತಾಗುತ್ತೆ ಕಣಯ್ಯ."

"ಅಂಗಾದ್ರೆ ನನ್ನ ಹೆಸರೇಳ್ಬೇಡಿ," ಎಂದು ಏಣಿ ಹತ್ತಿದ.

ಅಟ್ಟದಲ್ಲಿ ಅದೇ ಮಾದರಿಯ ಒಂದು ಸೆಟ್ಟು ಸಿಕ್ಕಿತು. ಪೆಟ್ಟಿಗೆಯನ್ನು ಗೆದ್ದಲು ತಿಂದಿತ್ತು, ಗಾಜು ಮಾತ್ರ ಹಾಗೇ ಇತ್ತು. ಬೆಂಗಳೂರು, ಮದರಾಸು, ಸಿಲೋನು, ಲಂಡನ್ನು, ಒಂದಕ್ಷರವೂ ಅಳಿಸಿರಲಿಲ್ಲ. ಇಂಥದ್ದು ಸಿಗುವುದು ಅಪರೂಪ. ಆದರೂ ನನಗೆ ಆದದ್ದು ಸಂತೋಷ ಎನ್ನಲಾರೆ. ಇನ್ನು ಇದನ್ನು ಮುಗಿಸಬಹುದು, ಕೋಣೆಯಲ್ಲಿ ಒಂದು ಸೆಟ್ಟು ಕಡಿಮೆಯಾಗುತ್ತದೆ ಎನ್ನಿಸಿತು.

ಸೆಟ್ಟು ಸಿದ್ಧವಾದ ದಿನ ನಾನೇ ಮೂಗೂರಿಗೆ ಹೊತ್ತುಕೊಂಡು ಹೋದೆ. ಬಸ್ಸಿನ ಕುಲುಕಾಟಕ್ಕೆ ವಾಲ್ವ್ ಒಡೆಯಬಹುದೆಂದು ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡಿದ್ದೆ. ಇಳಿಯುವಾಗ ಕಾಲು ಜೋಮು ಹಿಡಿದಿತ್ತು.

ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಸೊಸೆ ನೀರಿನ ಚೊಂಬು ಹಿಡಿದು ನನ್ನ ಎದುರಿಗೇ ನಿಂತಿದ್ದಳು.

"ಕೂತ್ಕಳಪ್ಪ," ಎಂದರು ಅತ್ತೆ. "ಬಿಸ್ಲಲ್ಲಿ ಬಂದಿದ್ದೀಯ. ನೀರು ಕೊಡಕ್ಕೇಳು ಅವಳ್ಗೆ."

ಅವಳು ಕೊಟ್ಟಳು. ನಾನು ಕುಡಿದೆ. ಒಳಗೆ ಮೂಲೆಯ ಸ್ಟ್ಯಾಂಡಿನ ಮೇಲೆ ಸೆಟ್ಟು ಇಟ್ಟು, ಏನೇನು ಬದಲಾಯಿಸಿದೆ ಎಂದು ಒಂದೊಂದಾಗಿ ಹೇಳಿದೆ: ದಾರ, ವಾಲ್ವ್, ಕಂಡೆನ್ಸರುಗಳು, ಗಾಜು. ಗಾಜು ಬೇರೆ ಸೆಟ್ಟಿನದು, ಆದರೆ ಇದೇ ಮಾದರಿಯದು. ಅತ್ತೆ ಸ್ವಿಚ್ ಹಾಕಿ ಕಾದರು. ದೀಪ ಹತ್ತಿತು, ಗುಂಯ್ ಎನ್ನುವ ಸದ್ದು ಎದ್ದಿತು. ಗುಂಡಿ ತಿರುಗಿಸಲು ಕೈ ಇಟ್ಟವರು ತಿರುಗಿಸಲಿಲ್ಲ. ಗಾಜಿನ ಹತ್ತಿರ ಮುಖ ಒಯ್ದು ಉದ್ದಕ್ಕೂ ನೋಡಿದರು. ಸ್ವಿಚ್ ಆರಿಸಿದರು.

"ಎಲ್ಲ ಅದ ಕಣಪ್ಪ. ಬೊಟ್ಟೇ ಇಲ್ವಲ್ಲ."

ಸೊಸೆ ದೇವರ ಗೂಡಿಗೆ ಓಡಿ ಕುಂಕುಮದ ಬಟ್ಟಲು ತಂದಳು. ನಾನೂ ಹಾಗೆಯೇ ತಿಳಿದಿದ್ದೆ. ಸತ್ತು ಬದುಕಿದ ಸೆಟ್ಟಿಗೆ ಬೊಟ್ಟಿಟ್ಟು ಮನೆ ತುಂಬಿಸಿಕೊಳ್ಳಬೇಕು ಎನ್ನುತ್ತಿದ್ದಾರೆ ಎಂದು. ಅವಳು ಪೆಟ್ಟಿಗೆಯ ನೆತ್ತಿಗೆ ಬೆರಳು ತಗುಲಿಸುವಷ್ಟರಲ್ಲಿ ಅತ್ತೆ ನನ್ನ ಕಡೆ ತಿರುಗಿದರು.

"ಅವಳ್ಗೇಳಪ್ಪ, ಇನ್ನೂ ಬುದ್ಧಿ ಬರ್ನಿಲ್ವಾ ಅಂತ. ಕುಂಕುಮದ ಬೊಟ್ಟಲ್ಲ. ವಾರ್ತೆ ಬೊಟ್ಟು. ಸಿಲೋನ್ ಬೊಟ್ಟು."

ಹಾಗೆ ಗೊತ್ತಾಯಿತು. ಅವರಿಗೆ ಓದಲು ಬರುವುದಿಲ್ಲ. ಗಂಡ ಒಂದು ಸಂಕ್ರಾಂತಿಯಲ್ಲಿ ಎತ್ತಿನ ಕೊಂಬಿಗೆ ಬಣ್ಣ ಹಚ್ಚಿ, ಉಳಿದ ಕೆಂಪು ಬಣ್ಣದಲ್ಲಿ ಗಾಜಿನ ಮೇಲೆ ಮೂರು ಚುಕ್ಕಿ ಇಟ್ಟುಕೊಟ್ಟಿದ್ದರು. ಮುಳ್ಳನ್ನು ಒಂದು ಚುಕ್ಕಿಗೆ ತಂದರೆ ವಾರ್ತೆ, ಇನ್ನೊಂದಕ್ಕೆ ತಂದರೆ ತಮಿಳು ಹಾಡು, ಮತ್ತೊಂದಕ್ಕೆ ಸಿಲೋನು, ಲಂಕೆಯಿಂದ ಬರುತ್ತಿದ್ದ ಹಾಡಿನ ಸ್ಟೇಷನ್ನು. ಸೊಸೆ ಹಳೆಯ ಕುಂಕುಮವೆಂದು ಉಜ್ಜಿ ತೆಗೆದದ್ದು ಅದನ್ನು. ನರಸೀಪುರದ ಅಟ್ಟದಿಂದ ನಾನು ಹುಡುಕಿಸಿ ತಂದಿದ್ದ ಇಂಗ್ಲಿಷ್ ಹೆಸರುಗಳು ಆ ಮನೆಯಲ್ಲಿ ಯಾರಿಗೂ ಎಂದೂ ಬೇಕಾಗಿರಲಿಲ್ಲ.

ಸೊಸೆ ಬಟ್ಟಲು ಹಿಡಿದು ನಿಂತೇ ಇದ್ದಳು. "ಒಂದ್ ಮಾತು ಅಂದಿದ್ರೆ ಆಗ್ತಿತ್ತಲ್ಲ ಅತ್ತೆ. ಕುಂಕುಮ ಅಲ್ಲ, ಬಣ್ಣ ಅಂತ."

ಅತ್ತೆ ನನ್ನ ಕಡೆಗೇ ತಿರುಗಿ ನಿಂತರು.

ನಾನು ಕೂತುಬಿಟ್ಟೆ. ಆ ಚುಕ್ಕಿಗಳು ಎಲ್ಲಿದ್ದವೆಂದು ಹೇಳುವ ಒಂದು ಗುರುತೂ ಹಳೆಯ ಗಾಜಿನಲ್ಲಿ ಉಳಿದಿರಲಿಲ್ಲ. ಸ್ಟೇಷನ್ನುಗಳನ್ನೇ ಹುಡುಕಿ, ಸಿಕ್ಕ ಜಾಗಕ್ಕೆ ಗುರುತು ಹಾಕುವುದೊಂದೇ ದಾರಿ ಎಂದೆ. ಕೊಂಬಿನ ಬಣ್ಣದ ಡಬ್ಬಿ ಒಣಗಿ ಕಲ್ಲಾಗಿತ್ತು. ಸೊಸೆ ಒಳಗಿನಿಂದ ತನ್ನ ಉಗುರು ಬಣ್ಣದ ಶೀಶೆ ತಂದಳು.

"ರೇಡಿಯೋಗೆ ಸಿಂಗಾರ ನೋಡಪ್ಪ," ಎಂದರು ಅತ್ತೆ, ನನಗೆ.

ಹಗಲು ಹೊತ್ತಿನಲ್ಲಿ ದೂರದ ಸ್ಟೇಷನ್ನು ಹಿಡಿಯುವುದು ಕಷ್ಟ. ಎಲ್‌ಇಡಿ ಬಲ್ಬು ಆರಿಸಲು ಹೇಳಿದೆ, ಮೊಬೈಲ್ ಚಾರ್ಜರ್ ಕೀಳಿಸಿದೆ; ಎರಡೂ ಹಳೆಯ ಸೆಟ್ಟಿನ ಕಿವಿಯೊಳಗೆ ಕಿರುಚುತ್ತವೆ. ಗುಂಡಿ ಅತ್ತೆಯ ಕೈಯಲ್ಲಿತ್ತು. ಬೇರೆ ಯಾರಿಗೂ ಕೊಡಲು ಅವರು ಸಿದ್ಧರಿರಲಿಲ್ಲ. ಗುಂಡಿ ಬಿಟ್ಟರೆ ಮುಳ್ಳು ಸರಿಯುತ್ತದೆ, ಬಿಡದಿದ್ದರೆ ಚುಕ್ಕಿ ಇಡಲು ಇನ್ನೊಂದು ಕೈ ಬೇಕು. ನಾನು ಹಿಂಬದಿಯಲ್ಲಿ ಆಂಟೆನಾ ತಂತಿ ಎತ್ತಿ ಹಿಡಿದು ನಿಂತಿದ್ದೆ. ಕರಕರ ಸದ್ದಿನ ನಡುವೆ ಬೆಂಗಳೂರಿನ ದನಿ ಬಂತು, ಹೋಯಿತು, ಮತ್ತೆ ಬಂತು.

"ಇಲ್ಲೇ. ಇಕ್ಕು," ಎಂದರು ಅತ್ತೆ. ಯಾರಿಗೆ ಎಂದು ಹೇಳಲಿಲ್ಲ.

ಸೊಸೆ ನನ್ನನ್ನು ನೋಡಿದಳು. ನಾನು ತಂತಿ ನೋಡಿದೆ.

"ಇಕ್ಕು ಅಂದ್ನಲ್ಲ ಕೂಸೇ, ಮುಳ್ಳು ಓಡೋಯ್ತದೆ!"

ಅವಳು ಗಡಿಬಿಡಿಯಲ್ಲಿ ಇಟ್ಟ ಚುಕ್ಕಿಗೆ ಬಾಲ ಬಂತು. ತಮಿಳು ಸ್ಟೇಷನ್ನು ಸಿಗಲು ತುಂಬ ಹೊತ್ತು ಹಿಡಿಯಿತು, ನನ್ನ ತೋಳು ಬಿದ್ದುಹೋಯಿತು. ಸಿಲೋನಿನ ಜಾಗದಲ್ಲಿ ಬರಿಯ ಉಸಿರಿನಂಥ ಸದ್ದು. ಅಲ್ಲಿ ಈಗ ಏನೂ ಬರುವುದಿಲ್ಲ, ಗುರುತು ಬೇಕಾಗಿಲ್ಲ ಎಂದೆ.

"ನಂಗೊತ್ತು ಕಣಪ್ಪ. ಅವ್ರಿದ್ದಾಗ್ಲೇ ನಿಂತೋಗಿತ್ತು. ಇರ್ಲಿ."

ಹಾಗಾದರೆ ಅಚ್ಚಿನ ಹೆಸರಿನ ಕೆಳಗೇ ಇಡಿ, ಸಿಲೋನು ಎಂದು ಇಲ್ಲಿ ಸ್ಪಷ್ಟವಾಗಿ ಬರೆದಿದೆ ಎಂದು ಬೆರಳು ತೋರಿಸಿದೆ. ಅತ್ತೆ ಅಲ್ಲವೆಂದು ತಲೆ ಆಡಿಸಿದರು. ಮುಳ್ಳನ್ನು ಅದರಿಂದ ಒಂದು ಬೆರಳಷ್ಟು ಈಚೆಗೆ, ಗಂಡ ಚುಕ್ಕಿ ಇಟ್ಟಿದ್ದು ಇಲ್ಲೇ ಎಂಬಂತೆ, ತಂದು ನಿಲ್ಲಿಸಿದರು. ಅಚ್ಚಾದ ಅಕ್ಷರದ ಪರ ಇನ್ನೊಂದು ಮಾತು ಆಡಬೇಕೆನ್ನುವಷ್ಟರಲ್ಲಿ ಸೊಸೆ ಅತ್ತೆ ತೋರಿಸಿದಲ್ಲೇ ಇಟ್ಟಳು.

"ದಪ್ಪ ಆಯ್ತು."

"ಬ್ರಷ್ಷೇ ದಪ್ಪ ಅತ್ತೆ."

"ನಿನ್ ಕೈ ದಪ್ಪ. ಒಣಗೋಗಂಟ ಮುಟ್ಬೇಡ. ಮುಂದಿನ್ ವರ್ಷ ಇದರ ತಂಟೆಗೆ ಬಂದ್ರೆ ನೋಡು."

"ನೀವೇ ತೊಳ್ಕಳಿ, ನನಗ್ಯಾಕೆ."

"ತೊಳೀತೀನಿ ಕಣೇ, ನಿನ್ನ ಮೂತೀನೂ ಸೇರ್ಸಿ."

ನಾನು ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ಹಾಕಿಕೊಂಡೆ. ನರಸೀಪುರದ ಬಸ್ಸು ಎಷ್ಟು ಹೊತ್ತಿಗೆ ಎಂದು ಎರಡು ಸಲ ಕೇಳಿದೆ. ಉಗುರು ಬಣ್ಣ ಕೆಂಪೋ ಗುಲಾಬಿಯೋ ಎಂದು ಅವರಿಬ್ಬರೂ ಒಬ್ಬರ ಮುಖಕ್ಕೊಬ್ಬರು ಮುಖ ಕೊಟ್ಟು ಜಗಳವಾಡುತ್ತಿದ್ದರು. ನನಗೆ ಯಾರೂ ಉತ್ತರ ಕೊಡಲಿಲ್ಲ.