ಸಂತೆಯಲ್ಲಿ ತಿಂದ ಸಿಗಡಿ

ನಮ್ಮದು ಮೀನು ಹಿಡಿಯುವವರ ಮನೆತನವೇ. ಆದರೆ ಅಪ್ಪ ಪಂಚಗಂಗೆ ಹೊಳೆಯನ್ನು ಬಿಟ್ಟು ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕೆ ಸೇರಿದ್ದ. ಹಾಗಾಗಿ ೧೯೬೦ರ ಆಸುಪಾಸಿನಲ್ಲಿ ಮದುವೆಯಾಗಿ ಗಡಹಿಂಗ್ಲಜಕ್ಕೆ ಬಂದಾಗ ನನಗೆ ಬಲೆ ಬಿಡಿಸಲೂ ಬರುತ್ತಿರಲಿಲ್ಲ. ಎಲ್ಲ ಕಲಿಸಿದವಳು ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ಅವಳನ್ನು ನಾನು ಅಕ್ಕಾ ಎಂದೇ ಕರೆಯುತ್ತಿದ್ದೆ.

ಅಲ್ಲಿನ ಹಿರಣ್ಯಕೇಶಿ ಹೊಳೆಯಲ್ಲಿ ಸಿಗಡಿಗಳು ಹಗಲೆಲ್ಲ ಕಲ್ಲಿನ ಸಂದಿಯಲ್ಲೋ ಬೇರಿನ ಅಡಿಯಲ್ಲೋ ಅಡಗಿರುತ್ತಿದ್ದವು. ಹೊತ್ತು ಮುಳುಗುತ್ತಲೇ ಉದ್ದ ಮೀಸೆ ಆಡಿಸುತ್ತ, ತಡಕುತ್ತ ಹೊರಡುತ್ತಿದ್ದವು. ಒಳಹೊಕ್ಕರೆ ಹೊರಬರಲಾಗದ ಬಿದಿರಿನ ಬುಟ್ಟಿಗಳಲ್ಲಿ ತೌಡು, ಶೇಂಗಾ ಹಿಂಡಿ ಇಟ್ಟು ಮುಳುಗಿಸುತ್ತಿದ್ದೆವು. ಕೋಳಿಯ ಕರುಳು ಸಿಕ್ಕ ದಿನ ಬುಟ್ಟಿ ತುಂಬಿ ಬರುತ್ತಿತ್ತು.

"ಇವಕ್ಕ ಹೇಸಿಗಿ ಅನ್ನೂದ ಇಲ್ಲ ನೋಡವಾ," ಎನ್ನುತ್ತಿದ್ದಳು ಅಕ್ಕ. "ಪಾಚಿ ತಿಂತಾವ, ಕೊಳತ ಎಲಿ ತಿಂತಾವ, ಸತ್ತ ಮೀನ ತಿಂತಾವ. ತಮ್ಮೊಳಗ ಒಂದು ಪೊರಿ ಬಿಟ್ಟು ಮೆತ್ತಗಾತಂದ್ರ ಅದನ್ನೂ ಬಿಡೂದಿಲ್ಲ."

ಮರುವರ್ಷದ ಮಳೆಗಾಲದಲ್ಲಿ ಭಾವ, ಅಕ್ಕನ ಗಂಡ, ಬೇರಿಗೆ ಸಿಕ್ಕಿದ್ದ ಬುಟ್ಟಿಯೊಂದನ್ನು ಬಿಡಿಸಲು ನೀರಿಗಿಳಿದ. ಹೊಳೆಯ ಮೇಲ್ಗಡೆ, ಆಜರಾ ಕಡೆ, ರಾತ್ರಿಯೆಲ್ಲ ಮಳೆ ಸುರಿದಿತ್ತು. ನೀರು ಒಮ್ಮೆಲೇ ಏರಿ ಅವನನ್ನು ಎಳೆದುಕೊಂಡು ಹೋಯಿತು. ಪ್ರವಾಹ ಇಳಿದ ಮೇಲೆ, ಕೆಳಗಿನ ಬಿದಿರುಮೆಳೆಯೊಂದರ ಬುಡದಲ್ಲಿ ಸಿಕ್ಕ. ನಾಲ್ಕು ಮಂದಿ ಎತ್ತಿದಾಗ ಅಂಗಿಯ ತೋಳಿನಿಂದ ಸಿಗಡಿಗಳು ಉದುರಿದವು. ಕಣ್ಣಿನ ರೆಪ್ಪೆಗೆ ಕಚ್ಚಿಕೊಂಡಿದ್ದ ಒಂದನ್ನು ಅಕ್ಕ ತನ್ನ ಬೆರಳಿನಿಂದಲೇ ಬಿಡಿಸಿ ಹೊಳೆಗೆ ಒಗೆದಳು. ಅಳಲಿಲ್ಲ.

ಚಿತೆ ಆರುವ ಮೊದಲೇ ಸುದ್ದಿ ಊರೆಲ್ಲ ಹಬ್ಬಿತ್ತು. ಮಳೆ ನಿಂತು ನಾವು ಮತ್ತೆ ಸಂತೆಯಲ್ಲಿ ಕೂತಾಗ ಹೆಂಗಸರು ಬುಟ್ಟಿ ನೋಡಿ ಮೂಗು ಮುಚ್ಚಿಕೊಂಡು ಮುಂದೆ ಹೋಗುತ್ತಿದ್ದರು. "ನಕೋ ಬಾಈ, ಮಾಣಸಾಲಾ ಖಾಲ್ಲೇಲಾ ಝಿಂಗಾ!" ಎಂದು ಒಬ್ಬಳು ಮರಾಠಿಯಲ್ಲಿ ಕೂಗಿಯೇ ಹೇಳಿದಳು. ಮನುಷ್ಯನನ್ನು ತಿಂದ ಸಿಗಡಿ ಬೇಡ ಅಂತ.

ಮುಂದಿನ ಸಂತೆಗೆ ಅತ್ತೆ ಸಿಗಡಿಗೆ ಖಾರ ಹಾಕಿ ಹುರಿದು ತಾಟಿನಲ್ಲಿ ತಂದಳು. ಬುಟ್ಟಿಯ ಪಕ್ಕ ಅಕ್ಕನನ್ನು ಕೂರಿಸಿ ತಾಟನ್ನು ಅವಳ ಮುಂದೆ ಸರಿಸಿದಳು.

"ತಿನ್ನ. ಎಲ್ಲಾರಿಗೂ ಕಾಣೂ ಹಂಗ ತಿನ್ನ."

"ಬ್ಯಾಡ್ರಿ ಅತ್ತಿ, ಕಾಲ ಬೀಳ್ತೇನಿ."

"ಅವನ್ನ ಹಡದಾಕಿ ನಾ. ನನಗ ಇಲ್ಲದ ಹೇಸಿಗಿ ನಿನಗ ಎಲ್ಲಿಂದ ಬಂತು?"

ಅಕ್ಕ ಒಂದನ್ನು ಬಾಯಿಗಿಟ್ಟಳು. ಅತ್ತೆ ಎದ್ದು ನಿಂತು ಕೂಗಿದಳು: "ನೋಡ್ರಿ, ಸತ್ತಾವನ ಹೇಂತಿ ತಾನ ತಿನ್ನಾಕತ್ತಾಳ! ನಿಮಗೇನ ಧಾಡಿ?"

ಜನ ಸುತ್ತ ನೆರೆದರು. ಯಾರೋ ನಕ್ಕರು. ಚೀಲ ಹಿಡಿದಿದ್ದ ಗಂಡಸೊಬ್ಬ ಬಗ್ಗಿ, "ನುಂಗ್ಯಾಳೋ ಇಲ್ಲೋ?" ಎಂದು ಕೇಳಿದ. ಅತ್ತೆ ಅಕ್ಕನ ಗದ್ದ ಹಿಡಿದು ಬಾಯಿ ತೆರೆಸಿ ತೋರಿಸಿದಳು. ಎತ್ತಿನ ಹಲ್ಲು ನೋಡುವಂತೆ ಅವನು ನೋಡಿ, ತೃಪ್ತನಾಗಿ ಚೀಲ ಚಾಚಿದ. ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ.

ಅಲ್ಲಿಂದ ಪ್ರತಿ ಸಂತೆಗೂ ತಾಟು ಬರತೊಡಗಿತು. ಮನೆಗೆ ಬಂದ ಮೇಲೆ ಅಕ್ಕ ಹಿತ್ತಲಲ್ಲಿ ವಾಂತಿ ಮಾಡಿಕೊಳ್ಳುವಳು, ನಾನು ಬೆನ್ನು ಸವರುವೆ. ಗಂಡನಿಗೆ ಹೇಳಿದರೆ, "ಅವ್ವ ಮನಿ ನಡಸಾಕತ್ತಾಳ, ನೀ ಸುಮ್ಕಿರ," ಎಂದ. ಅತ್ತೆಗೇ ನೇರ ಹೇಳಿದೆ. ಕೆನ್ನೆಗೆ ಬಿತ್ತು.

ದೀಪಾವಳಿಯ ಮುಂಚಿನ ಸಂತೆಯಲ್ಲಿ ಆ ಚೀಲದ ಗಂಡಸು ಮತ್ತೆ ಬಂದು, ಚೀಲಕ್ಕೆ ಸಿಗಡಿ ತೂಗಿಸಿಕೊಂಡು ಅಕ್ಕನೆದುರು ಕುಕ್ಕರಗಾಲಲ್ಲಿ ಕೂತ. ಅಕ್ಕ ಅಗಿಯುವುದನ್ನು ನಿಲ್ಲಿಸಿ, ಬಾಯಲ್ಲಿದ್ದುದನ್ನು ಅಂಗೈಗೆ ಉಗುಳಿದಳು.

"ನನ್ನ ಗಂಡನ್ನ ತಿಂದಿದ್ದು ಖರೇ ಐತ್ರಿ," ಎಂದಳು, ದರ ಹೇಳುವಷ್ಟೇ ತಣ್ಣಗೆ. "ಕಣ್ಣಿನ ಮ್ಯಾಲಿಂದ ನಾನ ಕಿತ್ತೇನಿ. ಒಯ್ರಿ, ಚೊಲೋ ಮೇದಾವ."

ಅವನು ಚೀಲದಲ್ಲಿದ್ದುದನ್ನು ಮತ್ತೆ ಬುಟ್ಟಿಗೆ ಸುರಿದು ಎದ್ದ. ನಮ್ಮ ಮುಂದೆ ಯಾರೂ ಉಳಿಯಲಿಲ್ಲ. ಅತ್ತೆ ತಕ್ಕಡಿಯ ದಾಂಡಿ ಕಿತ್ತು ಅಕ್ಕನನ್ನು ಹೊಡೆದಳು, ತಲೆ, ಭುಜ ಎನ್ನದೆ. ಅಕ್ಕಪಕ್ಕದ ಅಂಗಡಿಯವರು ನೋಡುತ್ತ ಕೂತಿದ್ದರು. ನಾನು ಅತ್ತೆಯ ಕೈ ಹಿಡಿದು ತಿರುಚಿದೆ. ನನ್ನ ಬಳೆ ಒಡೆದು ಇಬ್ಬರ ಕೈಯಲ್ಲೂ ರಕ್ತ ಬಂತು. ಮನೆಗೆ ಹೋಗಲಿಲ್ಲ. ಉಟ್ಟ ಸೀರೆಯಲ್ಲೇ ಅಕ್ಕನನ್ನು ಇಚಲಕರಂಜಿಗೆ ಕರೆದೊಯ್ದೆ.

ಅಪ್ಪ ಅವಳ ಹಣೆಯ ಗಾಯ ನೋಡಿ, "ಊಟಾ ಮಾಡು ಮೊದಲ," ಎಂದನಷ್ಟೇ. ಆಮೇಲೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಕೆಲಸಕ್ಕೆ ಹಚ್ಚಿದ. ಅಕ್ಕ ಕೊನೆಯವರೆಗೂ ಅಲ್ಲೇ ಇದ್ದಳು. ಗಡಹಿಂಗ್ಲಜಕ್ಕೆ ಕಾಲಿಡಲಿಲ್ಲ, ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿದಾಗಲೂ.

ನಾನು ಬಸುರಿಯಾಗಿದ್ದೆ, ಗಂಡನ ಮನೆಗೆ ತಿರುಗಿ ಹೋದೆ. ಅತ್ತೆ ನನ್ನೊಡನೆ ಮಾತು ಬಿಟ್ಟಳೇ ಹೊರತು ವ್ಯಾಪಾರ ಬಿಡಲಿಲ್ಲ. ಮುಂದಿನ ವರ್ಷದಿಂದ ಸಿಗಡಿಯನ್ನೆಲ್ಲ ಕೊಲ್ಹಾಪುರದ ಪೇಟೆಗೆ ಕಳಿಸಿದಳು. ಅಲ್ಲಿ ನಮ್ಮನ್ನು ಬಲ್ಲವರು ಇರಲಿಲ್ಲ. ಚೆನ್ನಾಗಿ ಮಾರಾಟವಾಯಿತು.